ಮಲ್ಲೇಶ್ವರ ಎಂಬ ಕುದುರೆಮುಖ: ಒಂದು ಗಣಿ ಊರಿನ ಬಾಲ್ಯ ಮತ್ತು ಅದರ ದಾಖಲೆ

ನಮ್ಮ ತಂದೆಯವರ ಸೇವಾ ಕಾಗದಗಳ ಕಟ್ಟಿನಲ್ಲಿ ರಜೆ ಪ್ರಯಾಣ ರಿಯಾಯಿತಿಯ ಒಂದು ಅರ್ಜಿ ಇದೆ. ಅದರಲ್ಲಿ ‘ಹೋಮ್ ಟೌನ್’ ಎಂಬ ಖಾನೆಯ ಎದುರು ಅವರು ಬರೆದಿರುವುದು ನಮ್ಮ ಅಜ್ಜ ಬೇಸಾಯ ಮಾಡುತ್ತಿದ್ದ ಬಯಲುಸೀಮೆಯ ಹಳ್ಳಿಯ ಹೆಸರು. ಪಕ್ಕದ ಮನೆಯವರ ಅರ್ಜಿಯಲ್ಲಿ ಪಾಲಕ್ಕಾಡಿನ ಕಡೆಯ ಒಂದು ಊರು ಇದ್ದಿರಬೇಕು, ಹಿಂದಿನ ಸಾಲಿನವರದರಲ್ಲಿ ಕಡಪದ ಕಡೆಯದು, ಕೆಳಗಿನ ಮನೆಯವರದರಲ್ಲಿ ಕಾರ್ಕಳದ ಹತ್ತಿರದ್ದು. ನಾವೆಲ್ಲ ಇದ್ದದ್ದು ಕುದುರೆಮುಖದ ಟೌನ್‌ಶಿಪ್ಪಿನಲ್ಲಿ. ಆದರೆ ಊರಿಗೆ ಹೋಗಿಬರುವ ಖರ್ಚು ಕೊಡುವ ಅರ್ಜಿಯಲ್ಲಿ ಇದ್ದ ಊರನ್ನೇ ಸ್ವಂತ ಊರು ಎಂದು ಬರೆಯುವವರು ಯಾರು? ಹಾಗಾಗಿ ಸಾವಿರಾರು ಜನ ಹತ್ತು, ಇಪ್ಪತ್ತು ವರ್ಷ ಬಾಳಿದ ಊರು ಅವರ ಕಾಗದಗಳಲ್ಲಿ ಯಾರ ಊರೂ ಆಗಿರಲಿಲ್ಲ. ಅಲ್ಲೇ ಬೆಳೆದ ಮಕ್ಕಳಿಗೆ ಆ ಖಾನೆ ತುಂಬುವ ಸಂದರ್ಭವೇ ಬರಲಿಲ್ಲ. ಬಂದಿದ್ದರೆ ಏನು ಬರೆಯುತ್ತಿದ್ದರು ಎಂಬ ಪ್ರಶ್ನೆಯಿಂದಲೇ ಈ ಟಿಪ್ಪಣಿ ಹುಟ್ಟಿದೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಕುದುರೆಮುಖದ ಬಗ್ಗೆ ಬರೆಯುವವರು ಕಬ್ಬಿಣದ ಅದಿರಿನ ಗಣಿಯ ಆಯುಸ್ಸನ್ನೇ ಊರಿನ ಆಯುಸ್ಸು ಎಂದು ಎಣಿಸುತ್ತಾ ಬಂದಿದ್ದಾರೆ. 1976ರಲ್ಲಿ ಶುರು, 2005ರ ಕೊನೆಯ ದಿನಕ್ಕೆ ಮುಕ್ತಾಯ. ಈ ಚೌಕಟ್ಟನ್ನು ಒಪ್ಪಿದರೆ ಗಣಿಗಿಂತ ಮುಂಚೆ ಅಲ್ಲಿ ಉತ್ತು ಬಿತ್ತಿದವರು ಹೊರಗುಳಿಯುತ್ತಾರೆ, ಗಣಿ ಮುಚ್ಚಿದ ಮೇಲೂ ಆ ಕಾಡಿನ ಅಂಚಿನಲ್ಲಿ ಇರುವವರು ಹೊರಗುಳಿಯುತ್ತಾರೆ. ಇವೆರಡರ ನಡುವೆ ಕೊಂಡಿಯಾಗಬಲ್ಲವರು ಅಲ್ಲಿ ಬೆಳೆದ ಮಕ್ಕಳು. ಅವರ ನೆನಪಿಗೆ ಸಾಕ್ಷ್ಯದ ಬೆಲೆ ಇದೆ. ಬೇರೆ ಯಾವ ಸಾಕ್ಷ್ಯವನ್ನೂ ಹೇಗೆ ಒರೆಗೆ ಹಚ್ಚುತ್ತೇವೋ ಇದನ್ನೂ ಹಾಗೆಯೇ ಹಚ್ಚಬೇಕು. ನಾನೂ ಆ ಮಕ್ಕಳಲ್ಲಿ ಒಬ್ಬನಾದ್ದರಿಂದ ಒರೆಗಲ್ಲಿಗೆ ಮೊದಲು ನನ್ನ ನೆನಪನ್ನೇ ತಂದಿದ್ದೇನೆ.

ಹೆಸರಿನಿಂದ ಆರಂಭಿಸುವುದು ಒಳ್ಳೆಯದು. ಕುದುರೆಮುಖ ಎಂಬುದು ಮೂಲತಃ ಒಂದು ಶಿಖರದ ಹೆಸರು. ಎತ್ತರ 1,890 ಮೀಟರಿಗಿಂತ ತುಸು ಹೆಚ್ಚು. ಕುದುರೆಯ ಮೋರೆಯಂಥ ಅದರ ಅಂಚು ಕರಾವಳಿಯ ಕಡೆಗೆ ಕಾಣುತ್ತದೆ, ಸಮುದ್ರದ ಮೇಲಿದ್ದವರಿಗೆ ಅದು ದಿಕ್ಕಿನ ಗುರುತಾಗಿತ್ತು. ಘಟ್ಟದ ಮೇಲಿನವರು, ಅಂದರೆ ಸಂಸೆಯ ಕಡೆಯಿಂದ ಬೆಟ್ಟ ಹತ್ತುವವರು, ಅದನ್ನು ಸಂಸೆ ಪರ್ವತ ಎಂದೂ ಕರೆಯುತ್ತಿದ್ದರು. ಒಂದೇ ಬೆಟ್ಟಕ್ಕೆ ಕೆಳಗಿನಿಂದ ನೋಡಿದವರು ಇಟ್ಟ ಹೆಸರು ಒಂದು, ಮೇಲಿನಿಂದ ಹತ್ತಿದವರು ಇಟ್ಟದ್ದು ಇನ್ನೊಂದು. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡದ ಅಧಿಕಾರಿಗಳು ಬೇಸಿಗೆಯ ಸೆಕೆ ತಪ್ಪಿಸಿಕೊಳ್ಳಲು ಆ ಬೆಟ್ಟದ ಮೇಲೊಂದು ಬಂಗಲೆ ಇಟ್ಟುಕೊಂಡಿದ್ದರು. ಗೆಜೆಟಿಯರುಗಳಿಗೆ ಹತ್ತಿದ್ದು ಕರಾವಳಿಯವರ ಹೆಸರೇ.

ಟೌನ್‌ಶಿಪ್ ಎದ್ದು ನಿಂತ ಜಾಗ ಆ ಶಿಖರದ ಬುಡವೂ ಅಲ್ಲ. ಅದು ಭದ್ರಾ ನದಿಯ ದಂಡೆಯ ಮಲ್ಲೇಶ್ವರ. ಕಳಸದಿಂದ ಸುಮಾರು 20 ಕಿಲೋಮೀಟರ್. ಗಣಿ ತೋಡಿದ್ದು ಅರೋಳಿ ಗುಡ್ಡದಲ್ಲಿ. ಗಣಿ ನಡೆಸಿದ ಕಂಪನಿ ತನ್ನ ಹೆಸರನ್ನು ದೂರದ ಶಿಖರದಿಂದ ತಂದುಕೊಂಡಿತು, ಊರಿಗೆ ಕಂಪನಿಯ ಹೆಸರು ಬಂತು, ಅಂಚೆ ಕಚೇರಿಯ ಮುದ್ರೆಯಲ್ಲಿ, ಬಸ್ಸಿನ ಬೋರ್ಡಿನಲ್ಲಿ, ಜನಗಣತಿಯ ಪಟ್ಟಿಯಲ್ಲಿ ಅದೇ ನಿಂತಿತು. 2009ರಲ್ಲಿ ಕಂಪನಿ ತನ್ನ ಹೆಸರನ್ನು ಕೆಐಒಸಿಎಲ್ ಲಿಮಿಟೆಡ್ ಎಂದು ಬದಲಿಸಿಕೊಂಡ ಮೇಲೆ ಕುದುರೆಮುಖ ಎಂಬ ಪದ ಅಲ್ಲಿ ಒಂದು ಅಕ್ಷರವಾಗಿ ಮಾತ್ರ ಉಳಿದಿದೆ. ಹೆಸರು ಕೊಟ್ಟವರು ಕೈಬಿಟ್ಟ ಮೇಲೂ ಊರು ಆ ಹೆಸರನ್ನು ಹೊತ್ತುಕೊಂಡು ಕೂತಿದೆ.

ಆದರೆ ಕಳಸ, ಸಂಸೆಯ ಹಳಬರ ಬಾಯಲ್ಲಿ ಅದು ಮಲ್ಲೇಶ್ವರವೇ. ನನಗೆ ಇದು ತಿಳಿದದ್ದು ಏಳನೇ ತರಗತಿಯಲ್ಲಿ. ಕಳಸದ ಬಸ್ ಸ್ಟ್ಯಾಂಡಿನಲ್ಲಿ ಅಮ್ಮನ ಜೊತೆ ನಿಂತಿದ್ದಾಗ ಕಂಬಳಿ ಕೊಪ್ಪೆ ಹಾಕಿದ್ದ ಒಬ್ಬರು, “ಮಲ್ಲೇಶ್ವರದ ಬಸ್ ಹೋಯ್ತೇನೋ ಮಾರಾಯ?” ಎಂದು ನನ್ನನ್ನೇ ಕೇಳಿದರು. ನನಗೆ ಗೊತ್ತಿದ್ದ ಮಲ್ಲೇಶ್ವರ ಬೆಂಗಳೂರಿನದು. ಗೊತ್ತಿಲ್ಲ ಎಂದೆ. ಐದು ನಿಮಿಷದ ಮೇಲೆ ಬಸ್ಸು ಬಂತು. ನಾವೂ ಅವರೂ ಒಂದೇ ಬಸ್ಸು ಹತ್ತಿದೆವು, ಒಂದೇ ಕಡೆ ಇಳಿದೆವು. ನಾನು ಎಂಟು ವರ್ಷದಿಂದ ವಾಸವಾಗಿದ್ದ ಊರಿನ ಹೆಸರನ್ನು ಅವತ್ತು ಮೊದಲ ಸಲ ಕೇಳಿದ್ದೆ.

ಈಶ್ವರ ಎಂದು ಕೊನೆಯಾಗುವ ಊರ ಹೆಸರು ಕಂಪನಿಯ ಕಡತದಲ್ಲಿ ಹುಟ್ಟುವುದಿಲ್ಲ. ಅದರ ಹಿಂದೆ ದೇವರು, ಒಕ್ಕಲು, ಗದ್ದೆ ಇರುತ್ತವೆ. ಸುತ್ತಲಿನ ನಾಡು ಕೂಡ ‘ಮನುಷ್ಯರಿಲ್ಲದ ಕಾಡು’ ಆಗಿರಲಿಲ್ಲ. ಕಳಸ–ಕಾರ್ಕಳದ ಭೈರರಸ ಒಡೆಯರು ಘಟ್ಟದ ಮೇಲಕ್ಕೂ ಕೆಳಕ್ಕೂ ಸೇರಿದ ರಾಜ್ಯ ಆಳಿದವರು. ಕಾರ್ಕಳದ ಗೊಮ್ಮಟನನ್ನು 1432ರಲ್ಲಿ ನಿಲ್ಲಿಸಿದ ವೀರಪಾಂಡ್ಯ ಆ ವಂಶದವನು. ಕಳಸದ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ 6ನೇ ಸಂಪುಟದಲ್ಲಿ, ಆಗಿನ ಕಡೂರು ಜಿಲ್ಲೆಯ ಸಂಪುಟದಲ್ಲಿ, ಅಚ್ಚಾಗಿವೆ. ಘಟ್ಟ ಇಳಿದು ಹತ್ತುವ ವ್ಯವಹಾರ ಇಲ್ಲಿ ಶತಮಾನಗಳದ್ದು. ಅದಿರಿನ ಕೊಳವೆ ಇಳಿದದ್ದೂ ಇದೇ ಘಟ್ಟವನ್ನು ದಾಟಿ.

ಇನ್ನೊಂದು ಹೆಸರನ್ನೂ ಇಲ್ಲಿ ಸೇರಿಸಬೇಕು. ಕಾರ್ಕಳದಿಂದ ಮಾಳದ ಘಾಟಿ ಹತ್ತಿ ಬಂದರೆ ಶೃಂಗೇರಿಯ ದಾರಿಯೂ ಕುದುರೆಮುಖದ ದಾರಿಯೂ ಕವಲೊಡೆಯುವ ಜಾಗಕ್ಕೆ ಎಸ್.ಕೆ. ಬಾರ್ಡರ್ ಎನ್ನುತ್ತಾರೆ. ಎಸ್.ಕೆ. ಎಂದರೆ ಸೌತ್ ಕೆನರಾ. ಮೈಸೂರು ರಾಜ್ಯಕ್ಕೂ ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡಕ್ಕೂ ಇದ್ದ ಗಡಿ 1956ರ ನವೆಂಬರ್ 1ರಂದು ರಾಜ್ಯದ ಗಡಿಯಾಗಿ ಅಳಿಯಿತು. ಮುಂದೆ ಸೌತ್ ಕೆನರಾ ಎಂಬ ಇಂಗ್ಲಿಷ್ ಹೆಸರು ಬಿದ್ದುಹೋಯಿತು, 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ಬಸ್ ಕಂಡಕ್ಟರ್ ಮಾತ್ರ ಇವತ್ತಿಗೂ “ಎಸ್ಕೆ ಬಾರ್ಡರ್, ಎಸ್ಕೆ ಬಾರ್ಡರ್” ಎಂದೇ ಕೂಗುತ್ತಾನೆ. ಅಳಿದ ಗಡಿಯೊಂದು ಕೂಗಿನಲ್ಲಿ ಉಳಿದಿದೆ. ಮಲ್ಲೇಶ್ವರ ಎಂಬ ಕೂಗು ನಿಲ್ಲುವ ಮೊದಲು ಅದನ್ನು ಬರೆದಿಡಬೇಕೆಂಬ ನನ್ನ ಆತುರಕ್ಕೆ ಕಾರಣ ಇದು.

ಗಣಿಯ ಕಥೆಯನ್ನು ಚಿಕ್ಕದಾಗಿಯೇ ಹೇಳುತ್ತೇನೆ, ಅದಕ್ಕೆ ಕಾಗದಪತ್ರಗಳ ಕೊರತೆ ಇಲ್ಲ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಪಿ. ಸಂಪತ್ ಅಯ್ಯಂಗಾರರು ಇಲ್ಲಿನ ಅದಿರನ್ನು 1913ರಲ್ಲಿ ಗುರುತಿಸಿದರು. ಅರ್ಧ ಶತಮಾನ ಅದು ಹಾಗೇ ಬಿದ್ದಿತ್ತು. ಸಂಡೂರಿನ ಅದಿರಿನಂತೆ ಅಗೆದು ಲಾರಿಗೆ ತುಂಬಿ ಮಾರುವ ಅದಿರು ಇದಲ್ಲ. ಇದು ಮ್ಯಾಗ್ನೆಟೈಟ್, ಕಬ್ಬಿಣದ ಅಂಶ ಶೇ. 38ರ ಆಸುಪಾಸು. ಬಂಡೆಯನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, ಅಯಸ್ಕಾಂತಕ್ಕೆ ಹಿಡಿದು ಕಬ್ಬಿಣವನ್ನು ಬೇರ್ಪಡಿಸಿದರೆ ಅದು ಶೇ. 67ರವರೆಗೆ ಏರುತ್ತದೆ. ಇದಕ್ಕೆಲ್ಲ ದೊಡ್ಡ ಬಂಡವಾಳ ಬೇಕಿತ್ತು. 1969ರಲ್ಲಿ 4,604.55 ಹೆಕ್ಟೇರಿಗೆ 30 ವರ್ಷದ ಗುತ್ತಿಗೆ ಆಯಿತು. 1975ರ ನವೆಂಬರಿನಲ್ಲಿ ಇರಾನಿನೊಂದಿಗೆ ಒಪ್ಪಂದವಾಗಿ 63 ಕೋಟಿ ಡಾಲರ್ ಸಾಲದ ಭರವಸೆ ಸಿಕ್ಕಿತು. 1976ರ ಏಪ್ರಿಲ್ 2ರಂದು ಕಂಪನಿ ಹುಟ್ಟಿತು. ಅದಿರೆಲ್ಲ ಇರಾನಿನ ಉಕ್ಕಿನ ಕಾರ್ಖಾನೆಗಳಿಗೆ ಹೋಗಬೇಕಿತ್ತು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಷಾ ಆಡಳಿತವೇ ಹೋದ ಮೇಲೆ ಹಣವೂ ನಿಂತಿತು, ಕೊಳ್ಳುವವರೂ ಇಲ್ಲವಾದರು. ಭಾರತ ಸರ್ಕಾರ ತನ್ನ ಹಣ ಹಾಕಿ ಕೆಲಸ ಮುಗಿಸಿತು. 1980ರಲ್ಲಿ ಕಾರ್ಖಾನೆ ಸಿದ್ಧವಾಯಿತು. ವರ್ಷಕ್ಕೆ 75 ಲಕ್ಷ ಟನ್ ಅದಿರಿನ ಹುಡಿ ತಯಾರಿಸುವ ಸಾಮರ್ಥ್ಯ. ಹುಡಿಯನ್ನು ನೀರಿನಲ್ಲಿ ಕಲಸಿದ ಸ್ಲರಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿದು ಪಣಂಬೂರು ಸೇರುತ್ತಿತ್ತು.

ಆ ಕೊಳವೆಯಿಂದಾಗಿ ಅದಿರು ತುಂಬಿದ ಲಾರಿಗಳ ಸಾಲನ್ನು ನಾವು ಕಾಣಲಿಲ್ಲ. ರೈಲಂತೂ ಇರಲೇ ಇಲ್ಲ. ಊರಿನಿಂದ ದಿನಕ್ಕೆ ಸಾವಿರಾರು ಟನ್ ಕಬ್ಬಿಣ ಹೋಗುತ್ತಿದ್ದರೂ ಅದು ಹೋಗುವುದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಗಣಿ ಊರಿನ ಮಕ್ಕಳಾಗಿಯೂ ನಾವು ಅದಿರನ್ನು ಹೊಳೆ, ಮಳೆ, ಧೂಳಿನ ಮೂಲಕವೇ ಅರಿತೆವು.

ಮಳೆ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್. ಅಂಕಿಗಿಂತ ಮನೆಯೊಳಗಿನ ವ್ಯವಸ್ಥೆ ಹೆಚ್ಚು ಹೇಳುತ್ತದೆ. ಅಮ್ಮ ಬೆಂಕಿಪೊಟ್ಟಣವನ್ನು ಅಕ್ಕಿ ಡಬ್ಬದೊಳಗೆ ಹುಗಿದಿಡುತ್ತಿದ್ದಳು, ಇಲ್ಲದಿದ್ದರೆ ಕಡ್ಡಿ ಗೀರಿದರೆ ತಲೆ ಮೆತ್ತಗೆ ಉದುರಿಬಿಡುತ್ತಿತ್ತು. ಉಪ್ಪು ಭರಣಿಯಲ್ಲಿ ನೀರಾಗುತ್ತಿತ್ತು. ಯೂನಿಫಾರ್ಮನ್ನು ರಾತ್ರಿ ಇಸ್ತ್ರಿ ಪೆಟ್ಟಿಗೆಯಿಂದ ಒಣಗಿಸಬೇಕು. ಆ ಬಿಸಿ ಬಟ್ಟೆಯಿಂದ ಏಳುವ ಹಬೆಯ ವಾಸನೆ ಇಂದಿಗೂ ಬಂದರೆ ನನಗೆ ಜುಲೈ ತಿಂಗಳು ನೆನಪಾಗುತ್ತದೆ. ಶಾಲೆಗೆ ಹೋಗುವಾಗ ಇಂಬಳಕ್ಕೆಂದು ಸುಣ್ಣ ಉಪ್ಪು ಬೆರೆಸಿದ ಬಟ್ಟೆಯ ಗಂಟು ಜೇಬಿನಲ್ಲಿ ಇರುತ್ತಿತ್ತು. ಈ ಉಪಾಯಗಳನ್ನು ಬಯಲುಸೀಮೆಯಿಂದ ಬಂದ ಅಮ್ಮನಿಗೆ ಕಲಿಸಿದವರು ಯಾರು? ಬೆಳಿಗ್ಗೆ ಹಾಲು, ಸೊಪ್ಪು, ಬಾಳೆಕಾಯಿ ತಂದು ಮಾರುತ್ತಿದ್ದ ಸುತ್ತಲಿನ ಹಳ್ಳಿಯ ಹೆಂಗಸರು. ಟೌನ್‌ಶಿಪ್ಪಿಗೂ ನಾಡಿಗೂ ನಡುವೆ ಗೇಟು ಇತ್ತು. ಅಡುಗೆಮನೆಯ ಬಾಗಿಲಲ್ಲಿ ನಡೆಯುತ್ತಿದ್ದ ಈ ಮಾತುಕತೆ ಯಾವ ವಾರ್ಷಿಕ ವರದಿಯಲ್ಲೂ ಇಲ್ಲ. ಹಳೆಯ ಮಲ್ಲೇಶ್ವರದ ತಿಳಿವಳಿಕೆ ಹೊಸ ಕುದುರೆಮುಖದೊಳಗೆ ಬಂದದ್ದು ಆ ಬಾಗಿಲಿನಿಂದ ಎಂಬುದು ನನ್ನ ಖಚಿತ ಅಭಿಪ್ರಾಯ.

ಗಂಟೆಗಿಂತ ಶಿಫ್ಟಿನಿಂದಲೇ ನಮಗೆ ಹೊತ್ತು ತಿಳಿಯುತ್ತಿತ್ತು. “ಅಪ್ಪ ಸಿ ಶಿಫ್ಟ್” ಎಂದರೆ ಹಗಲು ಮನೆಯಲ್ಲಿ ಪಿಸುಮಾತು, ರೇಡಿಯೋ ಬಂದ್, ಕ್ರಿಕೆಟ್ ಆಚೆ ಸಾಲಿನಲ್ಲಿ. ಗುಡ್ಡದಲ್ಲಿ ಸಿಡಿಮದ್ದು ಸಿಡಿದರೆ ಕಿಟಕಿಯ ಗಾಜು ಒಮ್ಮೆ ಜುಂ ಎನ್ನುವುದು. ಆಡುಭಾಷೆಗಳು ಹಲವು: ತುಳು, ಕೊಂಕಣಿ, ಮಲಯಾಳ, ತಮಿಳು, ತೆಲುಗು, ಹಿಂದಿ, ಜೊತೆಗೆ ಮೂರ್ನಾಲ್ಕು ಬಗೆಯ ಕನ್ನಡ. ಯಾರಿಗೆ ಯಾವ ಭಾಷೆಯಲ್ಲಿ ಮಾಮ, ಚಿಕ್ಕಪ್ಪ ಎನ್ನುವುದು ಎಂಬ ಗೊಂದಲಕ್ಕೆ ಪರಿಹಾರವಾಗಿ ಎಲ್ಲರೂ ಅಂಕಲ್, ಆಂಟಿ ಆದರು.

ಆ ಊರಿನಲ್ಲಿ ಅಜ್ಜ, ಅಜ್ಜಿ ಇರಲಿಲ್ಲ ಎನ್ನುವುದು ಇತಿಹಾಸಕಾರನಿಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಮನೆ ಸಿಗುತ್ತಿದ್ದದ್ದು ಕೆಲಸದಲ್ಲಿ ಇರುವವರಿಗೆ. ನಿವೃತ್ತಿಯಾದರೆ ಕ್ವಾರ್ಟರ್ಸ್ ಬಿಡಬೇಕು. ಅಜ್ಜ ಅಜ್ಜಿಯರು ಏಪ್ರಿಲ್‌ನಲ್ಲಿ ನೋಡಲು ಬರುತ್ತಿದ್ದರು, ಮೊದಲ ಮಳೆಗೆ ಕಂಬಳಿ ಸುತ್ತಿಕೊಂಡು ಹೊರಟುಬಿಡುತ್ತಿದ್ದರು. ಹೀಗಾಗಿ ಊರಿನಲ್ಲಿ ಎರಡೇ ತಲೆಮಾರು: ದುಡಿಯುವವರು ಮತ್ತು ಶಾಲೆಗೆ ಹೋಗುವವರು. ಕೋಲಾರದ ಚಿನ್ನದ ಗಣಿಯೊಂದಿಗೆ ಹೋಲಿಸಿದರೆ ವ್ಯತ್ಯಾಸ ಢಾಳಾಗಿ ಕಾಣುತ್ತದೆ. ಅಲ್ಲಿ 1880ರ ದಶಕದಿಂದ 2001ರವರೆಗೆ ಗಣಿ ನಡೆಯಿತು, ಅಜ್ಜ, ಮಗ, ಮೊಮ್ಮಗ ಒಂದೇ ಲೈನಿನ ಮನೆಗಳಲ್ಲಿ ಬಾಳಿದರು, ಗಣಿ ಮುಚ್ಚಿದ ಮೇಲೂ ಬಹಳ ಜನ ಅಲ್ಲೇ ಉಳಿದರು. ಅಲ್ಲಿ ಹೋಗಿ ಕೇಳಿದರೆ ಹೇಳುವವರು ಇದ್ದಾರೆ. ಕುದುರೆಮುಖದಲ್ಲಿ ನೆನಪಿನ ಸರಪಳಿ ಪ್ರತಿ ನಿವೃತ್ತಿಯೊಂದಿಗೂ ಒಂದು ಕೊಂಡಿ ಕಳಚಿಕೊಳ್ಳುತ್ತಿತ್ತು, 2005ರಲ್ಲಿ ಬಂದದ್ದು ಅದೇ ಕಳಚುವಿಕೆಯ ಕೊನೆ. ಊರಿನ ಹಿರಿಯರನ್ನು ಕೂರಿಸಿ ಕೇಳುವ ನಮ್ಮ ರೂಢಿಯ ಕ್ರಮ ಇಲ್ಲಿ ನಡೆಯುವುದಿಲ್ಲ. ಹಿರಿಯರು ಮಂಗಳೂರು, ಬೆಂಗಳೂರು, ಪಾಲಕ್ಕಾಡು, ಕಡಪಗಳಲ್ಲಿ ಹಂಚಿಹೋಗಿದ್ದಾರೆ.

ಕೆಮ್ಮಣ್ಣುಗುಂಡಿಯ ಉದಾಹರಣೆಯನ್ನೂ ಮರೆಯಬಾರದು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಅಲ್ಲಿಂದ, ರೋಪ್‌ವೇ ತೊಟ್ಟಿಲುಗಳಲ್ಲಿ ಬೆಟ್ಟ ಇಳಿದು. ಇಂದು ಅಲ್ಲಿಗೆ ಹೋಗುವವರು ಗುಲಾಬಿ ತೋಟವನ್ನೂ ಮಹಾರಾಜರ ಹೆಸರಿನ ಗಿರಿಧಾಮವನ್ನೂ ನೋಡಿ ಬರುತ್ತಾರೆ. ಅಗೆದವರ ಮಕ್ಕಳು ಆ ಚಳಿಯಲ್ಲಿ ಎಲ್ಲಿ ಓದಿದರು ಎಂದು ಕೇಳುವವರಿಲ್ಲ. ಕುದುರೆಮುಖವೂ ಚಾರಣಿಗರ ಹಸಿರು ಚಿತ್ರವಾಗಿ ಮಾತ್ರ ಉಳಿಯುವ ಹಾದಿಯಲ್ಲಿದೆ.

ಈಗ ನೆನಪನ್ನು ಒರೆಗೆ ಹಚ್ಚುವ ಮಾತು. ನನ್ನ ನೆನಪಿನಲ್ಲಿ ಲಕ್ಯಾ ಎಂದರೆ ಕೆರೆ. ಭಾನುವಾರ ಸ್ಕೂಟರಿನಲ್ಲಿ ಅಪ್ಪ ಕರೆದೊಯ್ಯುತ್ತಿದ್ದರು. ಮಂಜು ಸರಿದರೆ ವಿಶಾಲವಾದ ನೀರು, ಆಚೆ ದಡದಲ್ಲಿ ಶೋಲ ಕಾಡಿನ ಕಪ್ಪು ಮಡಿಕೆ. ನನ್ನ ಚಿತ್ರಕಲೆಯ ಪುಸ್ತಕದಲ್ಲಿ ಅದನ್ನು ಬಾತುಕೋಳಿಗಳ ಸಮೇತ ಬರೆದಿದ್ದೇನೆ. ವಾಸ್ತವದಲ್ಲಿ ಅದು ಭದ್ರೆಯನ್ನು ಸೇರುವ ಲಕ್ಯಾ ಹೊಳೆಗೆ ಅಡ್ಡಲಾಗಿ ಕಟ್ಟಿದ, ಸುಮಾರು 100 ಮೀಟರ್ ಎತ್ತರದ ಒಡ್ಡು. ಅರೆದ ಬಂಡೆಯಿಂದ ಕಬ್ಬಿಣ ತೆಗೆದ ಮೇಲೆ ಉಳಿಯುವ ಹೂಳು, ಟೇಲಿಂಗ್ಸ್ ಎನ್ನುತ್ತಾರಲ್ಲ, ಅದನ್ನು ಹಿಡಿದಿಡಲು ಕಟ್ಟಿದ್ದು. ನಾನು ಕೆರೆ ಎಂದು ಪ್ರೀತಿಸಿದ್ದು ಗಣಿಯ ಕಸದ ತೊಟ್ಟಿಯ ಮೇಲಿನ ನೀರನ್ನು. ಹಾಗೆಂದು ಬಾತುಕೋಳಿಯ ಚಿತ್ರ ಸುಳ್ಳು ಎಂದು ಎಸೆಯುವಂತಿಲ್ಲ. ಟೌನ್‌ಶಿಪ್ಪಿನ ಮಗುವಿಗೆ ಅದು ಏನೆಂದು ಯಾರೂ ಹೇಳಿರಲಿಲ್ಲ ಎಂಬುದಕ್ಕೆ ಆ ಚಿತ್ರವೇ ದಾಖಲೆ.

ಹೊಳೆಯ ಬಣ್ಣದ್ದೂ ಇದೇ ಕಥೆ. ಮಳೆಗಾಲದಲ್ಲಿ ಭದ್ರೆ ಕೆಂಪಗೆ ದಪ್ಪಗೆ ಹರಿಯುತ್ತಿತ್ತು. ಎಲ್ಲ ಹೊಳೆಗಳೂ ಹಾಗೆಯೇ ಎಂದುಕೊಂಡಿದ್ದೆ. ತುಂಗೆ, ಭದ್ರೆ, ನೇತ್ರಾವತಿಯರ ಮೂಲವಾದ ಗಂಗಾಮೂಲ ನಮ್ಮೂರಿನ ಹತ್ತಿರವೇ. ಪಿಕ್ನಿಕ್ಕಿಗೆ ಹೋದಾಗ ಅಲ್ಲಿನ ನೀರು ತಳ ಕಾಣುವಷ್ಟು ತಿಳಿಯಾಗಿತ್ತು. ಕೆಲವೇ ಮೈಲಿಯಲ್ಲಿ ಒಂದೇ ನದಿ ಹೀಗೆ ಬದಲಾಗುವುದು ಏಕೆಂದು ಆಗ ಹೊಳೆಯಲಿಲ್ಲ. ಕೆಳಗಿನ ಕಳಸದ ಕಡೆ, ಅದೇ ನೀರನ್ನು ಗದ್ದೆ ತೋಟಕ್ಕೆ ಬಿಟ್ಟುಕೊಳ್ಳುತ್ತಿದ್ದವರ ಮಕ್ಕಳಿಗೆ ಹೊಳೆದಿತ್ತು. ಒಂದೇ ಹೊಳೆಯ ಬಗ್ಗೆ ಮೇಲಿನ ಮಗುವಿನ ನೆನಪು, ಕೆಳಗಿನ ಮಗುವಿನ ನೆನಪು, ನ್ಯಾಯಾಲಯದ ಮುಂದೆ ಬಂದ ಹೂಳಿನ ಅಳತೆ, ಈ ಮೂರನ್ನೂ ಪಕ್ಕಪಕ್ಕ ಇಟ್ಟು ಓದಿದಾಗ ಮಾತ್ರ ಇತಿಹಾಸ ಎನ್ನಬಹುದಾದದ್ದು ಸಿಗುತ್ತದೆ.

ನ್ಯಾಯಾಲಯದ ಕಾಗದಗಳು ಸಮೃದ್ಧವಾಗಿವೆ. 1980ರ ದಶಕದ ಮೊದಲರ್ಧದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಈ ಭಾಗದ ಸಿಂಗಳೀಕಗಳ ಸಮೀಕ್ಷೆ ಮಾಡಿದರು, 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ್ದಕ್ಕೆ ಆ ಸಮೀಕ್ಷೆಯೂ ಒಂದು ಆಧಾರ. ಗುತ್ತಿಗೆ 1999ಕ್ಕೆ ಮುಗಿಯಿತು. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟಿತು. ಅದರಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಭದ್ರೆಯ ದೃಷ್ಟಿಯಿಂದ ಗಣಿ ನಿಲ್ಲಬೇಕಿತ್ತು ಎಂದೇ ನಾನು ನಂಬಿದ್ದೇನೆ. 2001ರ ಜನಗಣತಿಯಲ್ಲಿ ಸುಮಾರು 8 ಸಾವಿರ ಜನರಿದ್ದ ಊರು ಬರಿದಾದದ್ದು ನನಗೆ ದುಃಖದ ವಿಷಯವೂ ಹೌದು. ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ಅಗತ್ಯ ಇತಿಹಾಸ ಬರೆಯುವವನಿಗೆ ಇಲ್ಲ.

ಗಣಿ ಹೋದರೂ ಉಳಿದವರ ಕಡೆಗೆ ಬರೋಣ. ಈ ಕಾಡಿನೊಳಗೆ, ಅಂಚಿನಲ್ಲಿ, ಮಲೆಕುಡಿಯರಿದ್ದಾರೆ, ಗೌಡ್ಲು ಜನರಿದ್ದಾರೆ, ಸಣ್ಣ ಹಿಡುವಳಿಯ ಬೇಸಾಯಗಾರರಿದ್ದಾರೆ. ಗಣಿ ಬಂದಾಗ ಕೆಲವರು ಜಾಗ ಬಿಟ್ಟರು, ಉದ್ಯಾನವಾದ ಮೇಲೆ ಉಳಿದವರಿಗೆ ಎಬ್ಬಿಸುತ್ತಾರೆಂಬ ಭಯ ಬಂತು. ಎರಡೂ ಸಲ ಅವರ ಗುಡ್ಡ, ಹಳ್ಳ, ಹಾಡ್ಯಗಳಿಗೆ ಬೇರೆಯವರು ನಕ್ಷೆ ಬರೆದರು. ಒಂದು ನಕ್ಷೆಯಲ್ಲಿ ಅರೋಳಿ, ಗಂಗಡಿಕಲ್ಲು, ನೆಲ್ಲಿಬೀಡು ಎಂದರೆ ಅದಿರಿನ ನಿಕ್ಷೇಪಗಳು, ಇನ್ನೊಂದರಲ್ಲಿ ಅವೇ ಹೆಸರುಗಳು ವನ್ಯಜೀವಿಯ ನೆಲೆಗಳು. ನೆಲ್ಲಿಬೀಡು ಎಂಬುದರಲ್ಲಿ ‘ಬೀಡು’ ಇದೆ ಎಂಬುದನ್ನು ಎರಡೂ ನಕ್ಷೆಗಳು ಓದಲಿಲ್ಲ. ಬೀಡು ಎಂದರೆ ಜನ ನೆಲೆಸಿದ ಜಾಗ.

ಹಾಗಾದರೆ ಎಲ್ಲಿ ಹುಡುಕಬೇಕು? ನನ್ನ ದೃಷ್ಟಿಯಲ್ಲಿ ಕಂಪನಿಯ ವಾರ್ಷಿಕ ವರದಿಗಳಿಗಿಂತ ಬೆಲೆಯುಳ್ಳದ್ದು ಶಾಲೆಗಳ ದಾಖಲಾತಿ ಪುಸ್ತಕ. ಸರ್ಕಾರಿ ಕಂಪನಿಯ ವರದಿಗಳು ಸಂಸತ್ತಿನ ಮುಂದೆ ಬರುತ್ತವೆ, ಎಲ್ಲಿಯೂ ಹೋಗುವುದಿಲ್ಲ. ದಾಖಲಾತಿ ಪುಸ್ತಕ ಒಂದೇ ಪ್ರತಿ. ಮಗುವಿನ ಹೆಸರು, ಹುಟ್ಟಿದ ಸ್ಥಳ, ಮಾತೃಭಾಷೆ, ಹಿಂದೆ ಓದಿದ ಶಾಲೆ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ, ಇಷ್ಟೂ ಒಂದು ಸಾಲಿನಲ್ಲಿ. ಇಂಥ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದರೆ ಊರು ತುಂಬುವುದನ್ನೂ ಖಾಲಿಯಾಗುವುದನ್ನೂ ತಿಂಗಳ ಲೆಕ್ಕದಲ್ಲಿ ನೋಡಬಹುದು. ಹುಟ್ಟಿದ ಸ್ಥಳದ ಖಾನೆಯಲ್ಲಿ ದೂರದ ಊರುಗಳ ಬದಲು ‘ಕುದುರೆಮುಖ’ ಎಂದು ಬರತೊಡಗಿದ ವರ್ಷ ಯಾವುದೋ ಅದು, ಊರು ನಿಜವಾಗಿ ಬೇರು ಬಿಟ್ಟ ವರ್ಷ. ಜಾತಿ, ವಿಳಾಸದಂಥ ವಿವರಗಳಿರುವ ಪುಸ್ತಕವಾದ್ದರಿಂದ ಹೆಸರುಗಳನ್ನು ಮುಚ್ಚಿ ಎಣಿಕೆಯನ್ನಷ್ಟೇ ಹೊರಗೆ ತರಬೇಕು. ಆ ಮಕ್ಕಳಿಗೆ ಈಗ ಮಕ್ಕಳಿದ್ದಾರೆ, ಅವರ ಒಪ್ಪಿಗೆ ಇಲ್ಲದೆ ಅವರ ಸಾಲನ್ನು ಬಯಲಿಗಿಡುವ ಹಕ್ಕು ನಮಗಿಲ್ಲ.

ಮಾತನ್ನು ಧ್ವನಿಮುದ್ರಿಸಿಕೊಳ್ಳುವಾಗ ಇಸವಿ ಕೇಳಬಾರದು. “ಎಷ್ಟರಲ್ಲಿ?” ಎಂದು ಕೇಳಿದರೆ ಜನ ಕಂಪನಿಯ ಇಸವಿಗಳನ್ನೇ ಒಪ್ಪಿಸುತ್ತಾರೆ. “ಮನೆಯಿಂದ ಶಾಲೆಗೆ ಯಾವ ದಾರಿ? ದಾರಿಯಲ್ಲಿ ಏನೇನು ಸಿಗುತ್ತಿತ್ತು?” ಎಂದು ಕೇಳಿದರೆ ಅಂಗಡಿ, ಹಳ್ಳ, ಮರ, ಹಾಲು ತರುವವರ ಹೆಸರು, ಎಲ್ಲ ಒಂದೊಂದಾಗಿ ಹೊರಗೆ ಬರುತ್ತವೆ. ಹಾಲು ತರುವವರ ಮನೆ ಯಾವ ಗುಡ್ಡದ ಆಚೆ ಎಂದು ಕೇಳಿದರೆ ಅಲ್ಲಿಂದ ಹಳೆಯ ಊರಿನ ಜಾಡು ಹತ್ತುತ್ತದೆ. ಆ ಮನೆಗೆ ಹೋಗಿ ಇದೇ ಪ್ರಶ್ನೆಯನ್ನು ಅಲ್ಲಿನವರಿಗೂ ಕೇಳಬೇಕು.

ಫೋಟೋಗಳ ವಿಷಯದಲ್ಲಿ ಅವಸರವಿದೆ. ಆ ಮಳೆಯೂರಿನಲ್ಲಿ ಇಟ್ಟ ಚಿತ್ರಗಳಿಗೆಲ್ಲ ಬೂಸ್ಟು ಹಿಡಿದಿದೆ. ಗಾಜಿನ ಚೌಕಟ್ಟಿಗೆ ಅಂಟಿಕೊಂಡ ಚಿತ್ರವನ್ನು ಕೀಳಲು ಹೋದರೆ ಮುಖ ಗಾಜಿನ ಮೇಲೆ ಉಳಿಯುತ್ತದೆ, ಕೀಳದೆ ಗಾಜಿನ ಮೇಲಿಂದಲೇ ಚಿತ್ರ ತೆಗೆಯಬೇಕು. ಬೂಸ್ಟನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು, ಒಣಗಿಸಿ ಮೆತ್ತನೆಯ ಕುಂಚದಿಂದ ತೆಗೆಯಬೇಕು. ಲ್ಯಾಮಿನೇಷನ್ ಮಾಡಿಸಲೇಬಾರದು. ಸ್ಕ್ಯಾನ್ ಮಾಡುವಾಗ ಹಿಂಬದಿಯನ್ನೂ ಮಾಡಬೇಕು, ಬಹಳ ಸಲ ಇತಿಹಾಸ ಇರುವುದು ಹಿಂಬದಿಯಲ್ಲಿ. ನಮ್ಮ ಮನೆಯ ಒಂದು ಚಿತ್ರದಲ್ಲಿ ಹಾಲಿನ ಕ್ಯಾನು ಹಿಡಿದ ಹೆಂಗಸೊಬ್ಬರ ಪಕ್ಕ ನಾನು ನಿಂತಿದ್ದೇನೆ. ಅವರ ಬೆನ್ನಿಗೆ ಗೊರಬು ಇದೆ, ನನಗೆ ಪ್ಲಾಸ್ಟಿಕ್ ರೇನ್‌ಕೋಟ್. ಹಿಂದೆ ಅಮ್ಮನ ಕೈಬರಹದಲ್ಲಿ ನನ್ನ ಹೆಸರು ಇದೆ, ಅವರ ಹೆಸರಿಲ್ಲ. ಕಳೆದ ವರ್ಷ ಅಮ್ಮನನ್ನು ಕೇಳಿದೆ. ಒಂದು ಗಳಿಗೆಯೂ ತಡವರಿಸದೆ ಹೆಸರನ್ನೂ ಮನೆಯಿದ್ದ ಜಾಗವನ್ನೂ ಹೇಳಿದಳು. ಚಿತ್ರದ ಹಿಂದೆ ಸೀಸದ ಕಡ್ಡಿಯಿಂದ ಬರೆದುಕೊಂಡೆ.

ಟೌನ್‌ಶಿಪ್ಪಿನ ನಮ್ಮ ಮನೆಯಿಂದ ನಾವು ತಂದ ವಸ್ತುಗಳಲ್ಲಿ ಒಂದು ಹಾರ್ಲಿಕ್ಸ್ ಬಾಟಲಿ. ಅದರ ಅರ್ಧದವರೆಗೆ ಕಪ್ಪು ಹುಡಿ. ರಸ್ತೆಯ ಬದಿಯ ಧೂಳಿನಲ್ಲಿ ದಾರ ಕಟ್ಟಿದ ಅಯಸ್ಕಾಂತ ಎಳೆದುಕೊಂಡು ಹೋಗುವುದು ನಮ್ಮ ಆಟ. ತುದಿಗೆ ಮುಳ್ಳುಹಂದಿಯಂತೆ ನಿಮಿರಿ ನಿಲ್ಲುತ್ತಿದ್ದ ಹುಡಿಯನ್ನು ಕೆರೆದು ಕೆರೆದು ನಾಲ್ಕು ವರ್ಷ ತುಂಬಿದ್ದು. ಎತ್ತಿದರೆ ಬಾಟಲಿಯ ಗಾತ್ರಕ್ಕೆ ಹೊಂದದಷ್ಟು ಭಾರ. ಹೊರಗಿನಿಂದ ಅಯಸ್ಕಾಂತ ಹಿಡಿದರೆ ಈಗಲೂ ಒಳಗೆ ಹುಡಿ ಎದ್ದು ಗಾಜಿಗೆ ಮುತ್ತುತ್ತದೆ. ಈ ಟಿಪ್ಪಣಿ ಬರೆಯಲು ಕೂರುವ ಮೊದಲು ಅದಕ್ಕೊಂದು ಚೀಟಿ ಅಂಟಿಸಿದ್ದೇನೆ. ಅದರ ಮೇಲೆ ಬರೆದದ್ದು ಇಷ್ಟು: ‘ಮ್ಯಾಗ್ನೆಟೈಟ್ ಹುಡಿ. ಮೂಲ: ಅರೋಳಿ ಗುಡ್ಡ. ಸಿಕ್ಕ ಸ್ಥಳ: ಮಲ್ಲೇಶ್ವರದ ರಸ್ತೆ ಬದಿ, ಆಗಿನ ಕುದುರೆಮುಖ ಟೌನ್‌ಶಿಪ್, ಕಳಸ ಸೀಮೆ. ಸಂಗ್ರಹಿಸಿದವರು: ಶಾಲೆಯ ಹುಡುಗರು.’